ಅಟ್ಟದ ಮೇಲಿನ ಗುಳುಕ್

ಗುಳುಕ್.

ಅಟ್ಟದಿಂದ ಸದ್ದು ಬಂದದ್ದೇ ತಡ, ಶಶಿಯ ಕೈಲಿದ್ದ ಲೋಟ ತುಳುಕಿತು. ಆ ಸದ್ದಿನ ಅಡಿಗೇ, ಕುರ್ಚಿ ತುಂಬ ಕೂತಿದ್ದವರು ಹಾರನಹಳ್ಳಿಯ ಸಣ್ಣಬೀರಯ್ಯ. ಹೆಸರಿಗಷ್ಟೇ ಸಣ್ಣ. ಬಾಗಿಲಲ್ಲಿ ಅಡ್ಡ ತಿರುಗಿ ಒಳಗೆ ಬಂದ ಆಸಾಮಿ. ಬೃಂದಾಳ ಅಪ್ಪ. ಅವರು ಹೂಂ ಎಂದರೆ ಶಶಿಗೆ ಮದುವೆ, ಊಹೂಂ ಎಂದರೆ ಎಲ್ಲವೂ ಮುಗಿದ ಹಾಗೆ.

"ಅದೇನು ಸದ್ದು?"

"ಇಲಿ ಕಣ್ರೀ," ಎಂದಳು ಶಶಿಯ ತಾಯಿ ಚಾಮುಂಡಮ್ಮ, ರೆಪ್ಪೆ ಬಡಿಯದೆ.

"ಇಲಿ ಗುಳುಕ್ ಅಂತದಾ?"

"ಡ್ಯಾಮ್ ಪಕ್ಕದೂರಲ್ವಾ? ಬೀಚನಹಳ್ಳಿ ಇಲಿ ನೀರು ಜಾಸ್ತಿ ಕುಡೀತವೆ."

ಇಲಿಯೂ ಇರಲಿಲ್ಲ, ಹೆಗ್ಗಣವೂ ಇರಲಿಲ್ಲ. ಅಟ್ಟದ ಮೇಲೆ, ರಾಗಿ ಚೀಲಗಳ ಹಿಂದೆ, ಕಂಬಳಿ ಹೊದ್ದು ಕೂತಿದ್ದದ್ದು ಒಂದು ಬಿಳಿ ಕ್ಯಾನು. ಶಶಿ ಹಿನ್ನೀರಿನ ದಂಡೆಯ ರೆಸಾರ್ಟೊಂದರಲ್ಲಿ ಅಡುಗೆಯವನು. ಅಲ್ಲಿಗೆ ಬಂದಿದ್ದ ಅತಿಥಿಯೊಬ್ಬರಿಂದ ಹಣ್ಣಿನ ಬಿಯರ್ ಮಾಡುವುದನ್ನು ಕಲಿತಿದ್ದ. ಮೊಳಕೆ ಬಾರ್ಲಿಯನ್ನು ಕಾಯಿಸಿ, ಸೋಸಿ, ಆರಿಸಿ, ಹುದುಗು ಬರಿಸುವ ಯೀಸ್ಟ್ ಹಾಕಬೇಕು. ಅದು ಉಕ್ಕಿ ಸುಮ್ಮನಾಗಿ, ಯೀಸ್ಟ್ ತಳದಲ್ಲಿ ಗಷ್ಟಾಗಿ ಕೂತ ಮೇಲೆ ದಾಳಿಂಬೆಯ ಕಾನ್ಸಂಟ್ರೇಟ್ ಸುರಿಯಬೇಕು. ಡಬ್ಬದಲ್ಲಿ ಬರುವ, ಜೇನಿನಷ್ಟು ಮಂದವಾದ ರಸ. ಅದರ ಸಿಹಿ ಸಿಕ್ಕಿದ ಕೂಡಲೇ ಕ್ಯಾನಿಗೆ ಮತ್ತೆ ಜೀವ ಬರುತ್ತದೆ. ಒಳಗಿನ ಗಾಳಿ ಕೊಳವೆಯಲ್ಲಿ ಹಾದು, ಪಕ್ಕದ ನೀರಿನ ಬಾಟಲಿಯಲ್ಲಿ ಗುಳುಕ್ ಎನ್ನುತ್ತದೆ.

ಈ ಗುಟ್ಟು ಗೊತ್ತಿದ್ದದ್ದು ಬೈಯುತ್ತಲೇ ಕಂಬಳಿ ಕೊಟ್ಟ ಅವ್ವನಿಗೆ, ಬಿಟ್ಟರೆ ಬೃಂದಾಳಿಗೆ. ಬೃಂದಾ ಬೈಯಲಿಲ್ಲ. ಬಾರ್ಲಿ ಎಷ್ಟು, ಯೀಸ್ಟ್ ಯಾವಾಗ, ರಸ ಯಾವಾಗ ಎಂದು ಫೋನಿನಲ್ಲಿ ಒಂದೊಂದನ್ನೂ ಕೆದಕಿ ಕೇಳಿದಳು. ಕೆಲವನ್ನು ಎರಡೆರಡು ಸಲ ಕೇಳಿದಳು. ತನ್ನ ಕೈಕೆಲಸದ ಮೇಲೆ ಹುಡುಗಿಗೆ ಇಷ್ಟೊಂದು ಅಕ್ಕರೆಯೇ ಎಂದು ಶಶಿ ಹಿಗ್ಗಿ ಹೀರೇಕಾಯಿಯಾಗಿದ್ದ.

ಆದರೆ ಅವಳಪ್ಪ! ತಂಗಿ ಮಗನ ಮದುವೆಯಲ್ಲಿ ಹುಡುಗರು ಹುಲ್ಲಿನ ಮೆದೆಯಲ್ಲಿ ಬಚ್ಚಿಟ್ಟಿದ್ದ ಬ್ರಾಂದಿ ಬಾಟಲಿಗಳನ್ನು ಹುಡುಕಿ ತೆಗೆದು, ಎಲ್ಲರೆದುರು ಚರಂಡಿಗೆ ಸುರಿದ ಮಹಾನುಭಾವ.

ಮನೆ ನೋಡುವ ಶಾಸ್ತ್ರಕ್ಕೆ ಹೆಂಗಸರನ್ನೆಲ್ಲ ಕರೆದುಕೊಂಡು ಭಾನುವಾರ ಬರುತ್ತೇವೆ ಎಂದಿದ್ದವರು, ಶುಕ್ರವಾರವೇ ಒಬ್ಬರೇ ಬಂದು ಇಳಿದಿದ್ದರು. ಕಂಕುಳಲ್ಲಿ ಒಂದು ಬಟ್ಟೆ ಚೀಲ. ಕೊಡಿ, ಒಳಗಿಡುತ್ತೇನೆ ಎಂದರೆ ಇನ್ನಷ್ಟು ಅವುಚಿಕೊಂಡರು. ಹೆಣ್ಣು ನೋಡಿದ ದಿನ ತಾವು ಕೊಟ್ಟಿದ್ದ ಸೀರೆಯನ್ನು ವಾಪಸ್ ತಂದಿದ್ದಾರೆಯೇ?

ಹೊಲದ ಮಾತಿಲ್ಲ, ದನಕರುವಿನ ಮಾತಿಲ್ಲ. ಸಣ್ಣಬೀರಯ್ಯ ಕೇಳಿದ್ದೇ ಬೇರೆ.

"ಮನೇಗೆ ಬೋರ್ ನೀರಾ, ನಲ್ಲಿ ನೀರಾ?"

"ಬೋರು... ಮಾವ." ಆ ಕೊನೆಯ ಪದಕ್ಕೆ ಶಶಿಯ ನಾಲಿಗೆ ತೊದಲಿತು.

ಚಾಮುಂಡಮ್ಮ ಉಳಿದಿದ್ದ ದಾಳಿಂಬೆ ರಸಕ್ಕೆ ನೀರು ಬೆರೆಸಿ ಶರಬತ್ತು ತಂದುಕೊಟ್ಟಳು. ಅವರು ಒಂದು ಗುಟುಕು ಕುಡಿದು, ಬಾಯಲ್ಲೇ ಹೊರಳಾಡಿಸಿದರು.

"ಡಬ್ಬದ್ದಾ? ಕೆಡದಂಗೆ ಮದ್ದು ಆಕಿರ್ತಾರಲ್ಲ, ಅಂಥದ್ದಾ?"

"ಇಲ್ಲ ಮಾವ, ಮದ್ದಿಲ್ಲದ್ದು."

"ಹೂಂ. ಆ ಮದ್ದೇ ಕಣಪ್ಪ ಎಲ್ಲಾನೂ ಕೆಡ್ಸೋದು," ಎಂದು ನಿಟ್ಟುಸಿರು ಬಿಟ್ಟರು.

ಅಷ್ಟರಲ್ಲಿ ಪಕ್ಕದ ಮನೆ ಪುಷ್ಪಾ ಹಾಲಿಗೆ ಹೆಪ್ಪು ಕೇಳಿಕೊಂಡು ಲೋಟ ಹಿಡಿದು ಬಂದಳು. ಚಾಮುಂಡಮ್ಮ ಒಂದು ಚಮಚ ಮೊಸರು ಹಾಕಿ ಕಳಿಸಿದಳು. ಸಣ್ಣಬೀರಯ್ಯ ಅದನ್ನೇ ದಿಟ್ಟಿಸಿ ನೋಡಿದರು.

"ಹೆಪ್ಪು ಕೇಳ್ದೋರಿಗೆ ಇಲ್ಲ ಅನ್ನಾಕಿಲ್ವಾ?"

"ಅಯ್ಯೋ, ಅದೆಂಗಂದೀರಿ? ಮನೆಗೆ ಒಳ್ಳೇದಲ್ಲ!"

ಗುಳುಕ್.

ಸಣ್ಣಬೀರಯ್ಯ ಮೊಣಕಾಲಿನ ಮೇಲೆ ಒಂದು ಬೆರಳು ಮಡಚಿದರು. ಸ್ವಲ್ಪ ಹೊತ್ತಿಗೆ ಇನ್ನೊಂದು ಗುಳುಕ್, ಇನ್ನೊಂದು ಬೆರಳು. ತನ್ನ ತಪ್ಪುಗಳನ್ನು ಎಣಿಸುತ್ತಿದ್ದಾರೆ ಎಂದು ಶಶಿ ಬೆವರಿದ.

"ನೋಡಪ್ಪ, ಅಂಗ್ಡಿ ಬಾಟ್ಲು ಅನ್ನೋದು ನಮ್ಮನೆ ಹೊಸ್ಲು ದಾಟಿಲ್ಲ. ಗೊತ್ತಲ್ಲ?"

"ಗೊತ್ತು ಮಾವ."

"ಏಣಿ ಎಲ್ಲದೆ?"

ಏಣಿ ಎದುರಿಗೇ ಇತ್ತು. ಅವರು ಹತ್ತಿದ ಭಾರಕ್ಕೆ ಅದು ಕಿರುಗುಟ್ಟಿತು. ಮೇಲೆ ಚೀಲ ಎಳೆದ ಸದ್ದು, ಕಂಬಳಿ ಕೊಡವಿದ ಸದ್ದು.

"ಬ್ಯಾಡ ಬ್ಯಾಡ ಅಂತ ಬಡ್ಕೊಂಡೆ," ಎಂದು ಚಾಮುಂಡಮ್ಮ ಮಗನ ರಟ್ಟೆ ಚಿವುಟಿದಳು. "ಅನುಭವ್ಸು ಈಗ!"

ಶಶಿಗೆ ಬೃಂದಾಳ ಮುಖ ಕಣ್ಣ ಮುಂದೆ ಬಂತು. ಅವಳಿಗಿಂತ ಈ ಕ್ಯಾನು ಹೆಚ್ಚೇ? ಅಟ್ಟದತ್ತ ಕತ್ತೆತ್ತಿ ಕೂಗಿಯೇಬಿಟ್ಟ.

"ತಪ್ಪಾಯ್ತು ಮಾವ! ಈಗ್ಲೇ ಅದ್ನ ಇಳ್ಸಿ ಚರಂಡಿಗೆ ಸುರಿದುಬುಡ್ತೀನಿ!"

"ಮುಟ್ಟೀಯಾ, ಜೋಕೆ!" ಎಂದು ಮೇಲಿನಿಂದ ಗುಡುಗಿದರು.

ಮುಗಿಯಿತು. ಪಂಚಾಯ್ತಿ ಸೇರಿಸಿ ಎಲ್ಲರೆದುರು ತೋರಿಸಿಯೇ ಸುರಿಯುತ್ತಾರೆ. ಶಶಿ ಗೋಡೆಗೆ ಒರಗಿದ.

ಸಣ್ಣಬೀರಯ್ಯ ಇಳಿದು ಬಂದರು. ಮೀಸೆಯಲ್ಲಿ ಜೇಡರ ಬಲೆ, ಮುಖ ಕೆಂಪಗಾಗಿತ್ತು. ಚೀಲದ ಗಂಟು ಬಿಚ್ಚಿ ಒಳಗೆ ಕೈಹಾಕಿದರು. ಶಶಿ ಕಣ್ಣು ಮುಚ್ಚಿದ. ಸೀರೆಯ ಸರಬರ ಕೇಳಿಸಲಿಲ್ಲ. ಠಣ್ ಎಂದಿತು. ಕಣ್ಣು ಬಿಟ್ಟರೆ, ಅವರ ಕೈಯಲ್ಲಿ ಫಳಫಳ ತೊಳೆದ ಒಂದು ಖಾಲಿ ಸ್ಟೀಲ್ ಡಬ್ಬಿ.

"ಬೃಂದಾ ನಿನ್ನ ಕೇಳಿ ಕೇಳಿ ಹೇಳ್ಕೊಟ್ಲು, ಆದ್ರೂ ನಮ್ಮಟ್ಟದ ಮ್ಯಾಲಿರೋದು ಮದ್ದಿನ ರಸ ಕುಡ್ದು ಮಕಾಡೆ ಮಲಗ್ಬುಡ್ತು ಕಣಪ್ಪ. ಮದ್ವೆ ಒತ್ಗೆ ಇನ್ನೊಂದು ಕ್ಯಾನ್ ಏಳ್ಬೇಕು, ತಳದ ಗಷ್ಟು ಬಗ್ಸಿ ಒಸಿ ಹೆಪ್ಪು ಕೊಡು ಅಳಿಯಾ!"