ಕಾವು ಆರುವ ಮುನ್ನ

ಈಗಲೂ ತಣ್ಣನೆಯ ತತ್ತಿ ಅಂಗೈಗೆ ತಾಗಿದರೆ ಕುಬಿಹಾಳದ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ಅಪ್ಪನ ಜೋಡಿ ಜಗಳಾಡಿ ತವರಿಗೆ ಹೋಗಿದ್ದಳು. ಕಾವಿಗೆ ಕೂತ ಕೋಳಿಯೂ ಎದ್ದುಹೋಗಿತ್ತು. ಹಿಂದಿನ ಸಲವೂ ಅದು ಹೀಗೇ ನಡುವೆ ಕೈಕೊಟ್ಟಿತ್ತು. ನಾನು ಬುಟ್ಟಿಯ ಹೊಟ್ಟಿನಲ್ಲಿ ಕೈಯಾಡಿಸಿ ಒಂದೊಂದೇ ತತ್ತಿ ಮುಟ್ಟಿ ನೋಡುತ್ತಿದ್ದೆ. ಬಿಸಿ ಆರುತ್ತಿತ್ತು.

"ಅಜ್ಜಿ, ಹಿಡದು ತಂದು ಮ್ಯಾಲೊಂದು ಬುಟ್ಟಿ ಮುಚ್ಚೂಣು."

"ಬ್ಯಾಡ. ಮುಚ್ಚಿಟ್ರ ಒದ್ದಾಡಿ ತತ್ತಿ ಒಡಿತೈತಿ. ಎಲ್ಲಿ ಹೊಕ್ಕೈತಿ, ತಾನಽ ಬರ್ತೈತಿ" ಅಂದಳು, ಒಳಗೆ ಜೋಳ ಕೇರುತ್ತಿದ್ದ ಅಜ್ಜಿ. ಅವ್ವನ ಬಗ್ಗೆ ಕೇಳಿದಾಗಲೂ ಅದನ್ನೇ ಅಂದಿದ್ದಳು.

ಕಡೆಗೂ ಕೋಳಿ ಬೇಲಿ ನುಸುಳಿ ಬಂದು ಬುಟ್ಟಿ ಏರಿತು.

"ಬಂತು, ಅಜ್ಜಿ, ಬಂತು!" ಎಂದು ಹಿತ್ತಲಿಂದ ಕೂಗಿದೆ.

ಮೊರದ ಜೋಳವನ್ನೆಲ್ಲ ನೆಲಕ್ಕೆ ಚೆಲ್ಲಿ ಅಜ್ಜಿ ಬೀದಿಬಾಗಿಲಿಗೆ ಓಡಿದಳು.