ಸವೆದ ಮೆತ್ತೆ

ಮಾರುಕಟ್ಟೆಯಲ್ಲಿ ಮೂಟೆ ಹೊತ್ತೇ ಮುದುಕನಾದ ಹಮಾಲ ಬೆಳಿಗ್ಗೆಯೇ ದವಾಖಾನೆಗೆ ಬಂದು ಕೂತಿದ್ದ. ಡಾಕ್ಟರು ಅವನ ಹಳೆಯ ಎಕ್ಸ್‌ರೇಯನ್ನೇ ಮತ್ತೆ ಬೆಳಕಿಗೆ ಹಿಡಿದರು.

"ಮೊಣಕಾಲಾಗ ಎಲುಬಿನ ನಡುವ ಒಂದು ಮೆತ್ತೆ ಇರ್ತೈತಿ. ಭಾರ ತಡಿಯೂದು ಅದಽ. ನಿಂದು ಪೂರಾ ಸವದೈತಿ, ಈಗ ಎಲುಬಿಗೆ ಎಲುಬು ತಿಕ್ಕಾಕತ್ತೈತಿ."

"ಇವತ್ತೊಂದಿನ ಕಾಲು ನಿಂದ್ರೂವಂಗ ಒಂದು ಸೂಜಿ ಮಾಡ್ರಿ ಸಾಹೇಬ್ರ. ಹೊರೂದೈತ್ರಿ."

"ಹುಚ್ಚು ಹಿಡದೈತೇನ ಯಜಮಾನ? ಇನ್ನ ನೀ ಒಂದು ಕೊಡ ನೀರೂ ಹೊರಬಾರದು."

"ದೂರ ಇಲ್ರಿ, ಹಳ್ಳದ ದಂಡಿ ತನಕ ಅಷ್ಟ. ಜೋಡಿಗೆ ಇನ್ನೂ ಮೂರು ಮಂದಿ ಅದಾರ್ರಿ."

ಡಾಕ್ಟರಿಗೆ ಸಿಟ್ಟು ಬಂತು. "ಮನ್ಯಾಗ ಹರೇದ ಮಗ ಅದಾನಂತ ಹೋದ ಸಲ ನೀನಽ ಹೇಳಿದ್ದಿ. ಅವಂಗ ಹೆಗಲು ಕೊಡಂತ ಹೇಳು."

ಮುದುಕ ಮೊಣಕಾಲು ಒತ್ತಿ ಹಿಡಿದು ಮೆಲ್ಲಗೆ ಎದ್ದು ನಿಂತ.

"ಅವನ ಚಟ್ಟಾನಽ ಹೊರೂದೈತ್ರಿ, ಸಾಹೇಬ್ರ."