ಇಪ್ಪತ್ನಾಲ್ಕು ತಾಸಿನ ಸಹಿ

ಮೊದಲೇ ಹೇಳಿಬಿಡುತ್ತೇನೆ... ಇದನ್ನು ಓದಿದ ಮೇಲೆ ನಿಮ್ಮ ಸಹಿಯನ್ನು ನೀವೇ ಇನ್ನೊಮ್ಮೆ ನೋಡಿಕೊಳ್ಳುತ್ತೀರಿ.

ಗುರುಸಿದ್ದಪ್ಪ ಸರ್ಕಾರಿ ಉಗ್ರಾಣದ ತಪಾಸಣಾ ಅಧಿಕಾರಿ. ಗುತ್ತಿಗೆದಾರ ಕೊಟ್ಟ ಸಾಮಾನು ಸರಿ ಇದೆಯೋ ಇಲ್ಲವೋ ನೋಡಿ, "ಸ್ವೀಕರಿಸಬಹುದು" ಎಂದು ಬರೆದು ಸಹಿ ಹಾಕುವುದು ಅವನ ಕೆಲಸ.

ಲಂಚಕೋರ ಅಂದುಕೊಂಡಿರಾ? ಛೇ ಛೇ... ಯಾರ ಹತ್ತಿರವೂ ಪುಕ್ಕಟೆ ಚಹಾ ಕುಡಿದವನಲ್ಲ. ಸ್ವಲ್ಪ ಅವಸರದ ಮನುಷ್ಯ, ಅಷ್ಟೇ.

ಆ ಸಲ ಹೊಳೆದಂಡೆಯ ಒಂದು ಊರಿಗೆ ಅರವತ್ತು ಲೈಫ್ ಜಾಕೆಟ್ ಬಂದಿದ್ದವು. ಸೋಮವಾರದಿಂದ ಶಾಲೆ ಮಕ್ಕಳು ಅವನ್ನು ಹಾಕಿಕೊಂಡು ದೋಣಿಯಲ್ಲಿ ಹೊಳೆ ದಾಟಬೇಕಿತ್ತು.

ಜಾಕೆಟ್ಟಿಗೆ ಭಾರ ಕಟ್ಟಿ ಇಪ್ಪತ್ನಾಲ್ಕು ತಾಸು ನೀರಿನಲ್ಲಿಟ್ಟು ನೋಡಬೇಕು ಎಂಬುದು ನಿಯಮ.

ರೂಢಿ ಏನು ಗೊತ್ತೇ? ಪೆಟ್ಟಿಗೆಯಲ್ಲಿ ಮೇಲಿರುವ ಎರಡು ಮೂರನ್ನು ಬಕೆಟ್ಟಿನಲ್ಲಿ ಎರಡು ನಿಮಿಷ ಅದ್ದಿ, ಕಾಗದದ ಮೇಲೆ "24 ತಾಸು" ಎಂದು ಬರೆಯುವುದು!

ಗುರುವಾರ ಸಂಜೆ ಅವನು ಮಾಡಿದ್ದೂ ಅದನ್ನೇ. ಅರವತ್ತು ಜಾಕೆಟ್ಟುಗಳ ಒಳಗಿನ ಬಟ್ಟೆ ಪಟ್ಟಿಯ ಮೇಲೆ "ತಪಾಸಣೆ ಆಗಿದೆ" ಎಂಬ ಮೊಹರು ಒತ್ತಿ ಸಹಿ ಗೀಚಿದ. ಜಾಕೆಟ್ಟುಗಳು ದೋಣಿಕಟ್ಟೆಯ ಶೆಡ್ಡು ಸೇರಿದವು. ಶುಕ್ರವಾರ ಬೆಳಿಗ್ಗೆ ಎಣಿಸಿ, ಸ್ವೀಕಾರ ಪತ್ರಕ್ಕೆ ಸಹಿ ಹಾಕಿದರೆ ಮುಗಿಯಿತು.

ಬೆಳಿಗ್ಗೆ ಅವನು ಬಂದಾಗ ದಂಡೆಯ ತುಂಬ ಮಂಜು. ಎದುರಿನ ದಡವೇ ಕಾಣುತ್ತಿರಲಿಲ್ಲ. ಗುತ್ತಿಗೆದಾರರ ಮ್ಯಾನೇಜರ್ ಇನ್ನೂ ಬಂದಿರಲಿಲ್ಲ. ಒಂದು ಹಕ್ಕಿಯ ದನಿಯೂ ಇಲ್ಲ...

ಮೆಟ್ಟಿಲ ಮೇಲೆ ಒಬ್ಬ ಮುದುಕಿ ಕೂತಿದ್ದಳು. ಶೆಡ್ಡು ಗುಡಿಸುವ ನೀಲವ್ವ.

"ಬಂದ್ರೇನ್ರಿ ಸಾಹೇಬ್ರ... ನಿಮ್ಮ ದಾರೀನ ಕಾಯ್ತಿದ್ನಿ. ಆ ಜಾಕೀಟ ಎಷ್ಟೊತ್ತು ನೀರಾಗ ಇಟ್ಟಿದ್ರಿ?"

"ಇಪ್ಪತ್ನಾಲ್ಕು ತಾಸು," ಎಂದ ಗುರುಸಿದ್ದಪ್ಪ. ಬಾಯಿಪಾಠ ಆಗಿಹೋಗಿತ್ತು.

"ಹೌದಾ? ಅವು ಊರಿಗೆ ಬಂದಿದ್ದ ನಿನ್ನೆ ಸಂಜೀಕ..."

ನೀಲವ್ವ ಮೆಟ್ಟಿಲ ಪಕ್ಕದ ಕಂಬ ತೋರಿಸಿದಳು. ಅದಕ್ಕೆ ಕಟ್ಟಿದ ಹಗ್ಗವೊಂದು ನೆಟ್ಟಗೆ ನೀರಿನೊಳಗೆ ಇಳಿದಿತ್ತು.

"ನಾನೂ ಒಂದು ಇಟ್ಟೇನ್ರಿ, ನಿನ್ನೆ ಸಂಜೀಲಿಂದ. ಜಗ್ಗಿ ನೋಡ್ರಿ."

ಜಗ್ಗಿದ... ಭಾರ. ಕೈ ಬದಲಿಸಿ ಮತ್ತೆ ಜಗ್ಗಿದ. ಕಪ್ಪು ನೀರಿನಲ್ಲಿ ಮೊದಲು ಕಿತ್ತಳೆ ಬಣ್ಣ ಕಂಡಿತು. ಆಮೇಲೆ ನೀಲಿ ಯೂನಿಫಾರ್ಮ್. ಆಮೇಲೆ ಒಂದು ಜಡೆ... ಅದಕ್ಕೆ ಕೆಂಪು ರಿಬ್ಬನ್!

"ಅಯ್ಯೋ ದೇವರೇ... ಮಗು!"

ಕೆಸರಲ್ಲೇ ಕುಸಿದು ಕೂತ. ಅವನ ತೊಡೆಯ ಮೇಲೆ ಬಂದು ಬಿದ್ದದ್ದಕ್ಕೆ ಮುಖವೇ ಇರಲಿಲ್ಲ.

"ಹೆದರಬ್ಯಾಡ್ರಿ. ಅರಿವಿ ಗೊಂಬಿ ಅದು, ಹೊಟ್ಯಾಗ ನಾಕು ಸಣ್ಣ ಕಲ್ಲು ಇಟ್ಟೇನಿ. ಅಂಗಿ ಮಾತ್ರ ನನ್ನ ಮಗಳು ಸಾವಂತ್ರೀದು."

ಹನ್ನೊಂದು ವರ್ಷದ ಹಿಂದೆ, ಏಳನೇ ಕ್ಲಾಸಿನ ಸಾವಂತ್ರಿ ಇದೇ ಕಟ್ಟೆಯಿಂದ ದೋಣಿ ಹತ್ತಿದ್ದಳಂತೆ.

"ಒಲ್ಲೆ ಯವ್ವಾ, ಹೊಳಿ ತುಂಬೇತಿ ಅಂದ್ಳು. ಜಾಕೀಟ ಐತಿ, ಸರಕಾರದವರು ನೋಡ್ಯಾರ, ಏನೂ ಆಗೂದಿಲ್ಲ ಅಂತ ನಾನ ಹತ್ತಿಸಿದ್ನಿ... ನಡುಹೊಳ್ಯಾಗ ದೋಣಿ ಮಗುಚಿತು. ಆ ಜಾಕೀಟ ನೀರು ಕುಡದು ಅಕೀನ್ನೂ ಕೆಳಗ ಎಳಕೊಂಡು ಹೋತು."

ನೀಲವ್ವ ಎಲೆಅಡಿಕೆ ಸಂಚಿಯಿಂದ ಬಟ್ಟೆಯ ತುಂಡೊಂದನ್ನು ತೆಗೆದಳು.

"ಅಕೀ ಜಾಕೀಟಿನ್ಯಾಗ ಇದ್ದಿದ್ದು. ಸಾಲಿ ಮಾಸ್ತರಗ ತೋರಿಸಿದ್ನಿ, ಪೊಲೀಸರಿಗೆ ತೋರಿಸಿದ್ನಿ. ಇದು ಯಾರ ಸಹಿ ಅಂತ ಯಾರಿಗೂ ಓದಾಕ ಬರಲಿಲ್ಲ. ನೀವರ ಓದ್ರಿ ಸಾಹೇಬ್ರ."

ಕೋಳಿ ಕೆದರಿದಂಥ ಗೀಚು... ಕೊನೆಗೊಂದು ಸುರುಳಿ, ಅದರ ಕೆಳಗೆ ಎರಡು ಚುಕ್ಕೆ. ಹನ್ನೊಂದು ವರ್ಷವಾದರೂ ಶಾಯಿ ಚೂರೂ ಮಾಸಿರಲಿಲ್ಲ.

ಆ ಸಹಿಯನ್ನು ಓದಬಲ್ಲವನು ಈ ಭೂಮಿಯ ಮೇಲೆ ಒಬ್ಬನೇ ಇದ್ದ.

ಅದು ಅವನ ನೌಕರಿಯ ಮೊದಲ ವರ್ಷ. ಜಾಕೆಟ್ಟುಗಳು ಯಾವ ಊರಿಗೆ ಹೋದವೆಂದೂ ಕೇಳಿರಲಿಲ್ಲ. ದೋಣಿ ಮುಳುಗಿದ ಸುದ್ದಿ ಬಂದಾಗ, ಮಂದಿ ಹೆಚ್ಚಾಗಿದ್ದರಂತೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

"ನನಗೂ ಓದಲು ಬರುವುದಿಲ್ಲ" ಎಂದರೆ ಸಾಕಿತ್ತು... ಎದ್ದು ಹೋಗಬಹುದಿತ್ತು.

ಜೇಬಿನಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು, ಮ್ಯಾನೇಜರನ ಕರೆ. ಗೊಂಬೆಯ ಜಡೆಯಿಂದ ಅವನ ಕೈ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಟಪ್... ಟಪ್...

"ಇದು... ನನ್ನ ಸಹಿ, ಅವ್ವಾ."

ಹೇಳಿದವನೇ ಗೊಂಬೆಯನ್ನು ಅವುಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ.

ನೀಲವ್ವ ಬಯ್ಯಲಿಲ್ಲ, ಶಾಪ ಹಾಕಲಿಲ್ಲ. ತನ್ನ ಪಕ್ಕದ ಮೆಟ್ಟಿಲು ತೋರಿಸಿದಳು.

"ಹಂಗಾರ ಇಲ್ಲೇ ಕುಂಡ್ರು. ಇಪ್ಪತ್ನಾಕ ತಾಸು ಅಂದ್ರ ಎಷ್ಟು ಉದ್ದ ಐತಿ, ನೋಡು."

ಕೂತ. ಮ್ಯಾನೇಜರ್ ಬಂದು ಕೂಗಾಡಿದರೂ ಏಳಲಿಲ್ಲ. ಉಳಿದ ಐವತ್ತೊಂಬತ್ತನ್ನೂ ಭಾರ ಕಟ್ಟಿಸಿ ಹೊಳೆಗೆ ಇಳಿಸಿದ. ಮಧ್ಯಾಹ್ನದವರೆಗೆ ಎಲ್ಲವೂ ತೇಲುತ್ತಿದ್ದವು. ಸಂಜೆ ಹೊತ್ತಿಗೆ ಒಂದೊಂದಾಗಿ, ಸದ್ದಿಲ್ಲದೆ, ಕೆಳಗಿಳಿಯತೊಡಗಿದವು...

ಮರುದಿನ ಅದೇ ಹೊತ್ತಿಗೆ ನೀರಿನ ಮೇಲೆ ಉಳಿದಿದ್ದು ಎಂಟೇ ಎಂಟು. ತಪಾಸಣೆಯವರ ಕೈಗೆ ಮೊದಲು ಸಿಗಲೆಂದು ಪೆಟ್ಟಿಗೆಯ ಮೇಲಿನ ಸಾಲಿನಲ್ಲಿ ಇಟ್ಟಿದ್ದವು ಮಾತ್ರ.

ಅವನು "ತಿರಸ್ಕರಿಸಲಾಗಿದೆ" ಎಂದು ಬರೆದ. ಇನ್ನೊಂದು ಹಾಳೆಯಲ್ಲಿ ಗುರುವಾರದ ಸುಳ್ಳನ್ನೂ, ಹನ್ನೊಂದು ವರ್ಷದ ಹಿಂದಿನದನ್ನೂ ಮುಚ್ಚುಮರೆಯಿಲ್ಲದೆ ಮೇಲಧಿಕಾರಿಗೆ ಬರೆದ. ಕೆಳಗೆ, ಮಗುವಿಗೂ ಓದಲು ಬರುವಂತೆ, ಬಿಡಿಬಿಡಿ ಅಕ್ಷರಗಳಲ್ಲಿ ಪೂರ್ತಿ ಹೆಸರು ಬರೆದ.

ನೀಲವ್ವ ಆ ಬಟ್ಟೆ ತುಂಡನ್ನು ಅವನ ಅಂಗೈಯಲ್ಲಿ ಇಟ್ಟಳು.

"ಇಷ್ಟು ದಿನ ನಾ ಹೊತ್ತೇನಿ. ಇನ್ನ ನೀ ಹೊರು."

ಅವನ ನೌಕರಿ ಹೋಯಿತೋ ಉಳಿಯಿತೋ ನನಗೆ ಗೊತ್ತಿಲ್ಲ... ಸೋಮವಾರ ಆ ದೋಣಿ ಮಾತ್ರ ಹೊರಡಲಿಲ್ಲ. ಮಕ್ಕಳೆಲ್ಲ ಮನೆಯಲ್ಲಿದ್ದರು.

*ನಾವು ನೋಡದೆ ಹಾಕಿದ ಸಹಿಯನ್ನು ನಂಬಿ, ಯಾರೋ ತಮ್ಮ ಮಗುವನ್ನು ದೋಣಿ ಹತ್ತಿಸಿರುತ್ತಾರೆ.*

ನಿನ್ನೆ ನೀವು "ನೋಡಿದ್ದೇನೆ, ಸರಿ ಇದೆ" ಎಂದು ಸಹಿ ಹಾಕಿದಿರಲ್ಲ... ನಿಜವಾಗಿಯೂ ನೋಡಿದ್ದಿರಾ?